ಹಳೆಯ ಕಾರಿನ ರಿಪೇರಿ: ಪೂರ್ತಿ ಬಿಚ್ಚಬೇಕಾ, ಓಡಿಸುತ್ತಲೇ ಸರಿಮಾಡಬೇಕಾ?

ಮನೆಯ ಹಳೆಯ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತ ಮನಸ್ಸು ಮಾಡಿದವರ ಮುಂದೆ ಮೂರು ದಾರಿಗಳಿವೆ. ಕಾರನ್ನು ಇರುವ ಹಾಗೇ ಉಳಿಸಿಕೊಂಡು, ಓಡಲು ಬೇಕಾದಷ್ಟನ್ನು ಮಾತ್ರ ಸರಿಮಾಡುವುದು ಒಂದು. ಓಡಿಸುತ್ತಲೇ ಒಂದೊಂದೇ ಕೆಲಸ ಕೈಗೆತ್ತಿಕೊಂಡು ಮುಗಿಸುತ್ತಾ ಹೋಗುವುದು ಇನ್ನೊಂದು. ಕೊನೆಯ ಬೋಲ್ಟಿನ ತನಕ ಬಿಚ್ಚಿ, ಬರೀ ಬಾಡಿಯಿಂದ ಶುರುಮಾಡಿ ಮತ್ತೆ ಕಟ್ಟುವುದು ಮೂರನೆಯದು.

ಕೆಲಸ ಪಳಗಿದ ವರ್ಕ್‌ಶಾಪಿಗೆ ಈ ಮೂರರಲ್ಲಿ ಯಾವುದಾದರೂ ಸರಿಯೇ. ರಜೆಯ ದಿನ ಬಿಡುವು ಮಾಡಿಕೊಂಡು, ಕಲಿಯುತ್ತಲೇ ಕೈ ಹಾಕುವ ನಮ್ಮಂಥ ಹವ್ಯಾಸಿಗಳಿಗೆ ಹಾಗಲ್ಲ. ದಾರಿ ತಪ್ಪಿ ಆರಿಸಿದರೆ ಕಾರೂ ಹೋಗುತ್ತದೆ, ಆಸೆಯೂ ಹೋಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಾಡಿಯ ಬಲ ಇರುವ ಜಾಗಗಳಿಗೆ ತುಕ್ಕು ಇಳಿದಿಲ್ಲ ಅಂದರೆ ಎರಡನೇ ದಾರಿಯನ್ನೇ ಹಿಡಿಯಿರಿ. ಮೂರನೆಯದು ಬೇರೆ ಗತಿಯಿಲ್ಲ ಅಂದಾಗ ಮಾತ್ರ.

ಯಾಕೆ ಅಂದರೆ, ಬಿಚ್ಚುವ ಕೆಲಸ ಸುಲಭ, ಖುಷಿಯೂ ಹೌದು. ಕೆಲವೇ ವಾರಗಳಲ್ಲಿ ಇಡೀ ಕಾರನ್ನು ಬಿಚ್ಚಿ ಹರಡಬಹುದು. ಜೋಡಿಸಲು ವರ್ಷಗಳು ಬೇಕು. ಆ ನಡುವೆ ಕೆಲಸ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಮಕ್ಕಳಾಗುತ್ತಾರೆ, ದುಡ್ಡಿಗೆ ಬೇರೆ ತುರ್ತು ಬರುತ್ತದೆ. ಓಡುವ ಕಾರಿಗೆ ಒಂದು ಕಾರಿನ ಜಾಗ ಸಾಕು. ಬಿಚ್ಚಿದ ಕಾರಿಗೆ ಎರಡರಷ್ಟಾದರೂ ಜಾಗ ಬೇಕು. 'ಅರ್ಧ ಕೆಲಸ ಮುಗಿದಿದೆ, ಎಲ್ಲ ಪಾರ್ಟೂ ಇದೆ' ಅಂತ ಮಾರಾಟಕ್ಕೆ ಬರುವ ಕಾರುಗಳೆಲ್ಲ ಹೀಗೆ ನಡುವೆ ನಿಂತವು. ಎಲ್ಲ ಪಾರ್ಟೂ ಇರುವುದು ಅಪರೂಪ.

ಮೊದಲು ಕೆಳಗೆ ಮಲಗಿ ನೋಡಿ

ದಾರಿ ಯಾವುದು ಅಂತ ತೀರ್ಮಾನಿಸುವುದು ತುಕ್ಕು. ಬಣ್ಣವೂ ಅಲ್ಲ, ಎಂಜಿನ್ನೂ ಅಲ್ಲ. ಎಂಜಿನ್ನು ಎಷ್ಟೇ ಕೆಟ್ಟಿದ್ದರೂ ಇಳಿಸಿ, ಸರಿಮಾಡಿ, ಮತ್ತೆ ಏರಿಸಬಹುದು. ಬಾಡಿಯೇ ಕೊಳೆತಿದ್ದರೆ ಉಳಿದದ್ದನ್ನೆಲ್ಲ ಯಾವುದಕ್ಕೆ ಜೋಡಿಸುತ್ತೀರಿ?

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಕೆಲವು ಕಾರುಗಳಿಗೆ ಬೇರೆಯದೇ ಚಾಸಿ, ಅಂದರೆ ಅಡಿಯ ಚೌಕಟ್ಟು ಇದೆ, ಅದರ ಮೇಲೆ ಬಾಡಿ ಕೂತಿರುತ್ತದೆ. 1959ರಿಂದ 1971ರ ತನಕ ಬಂದ ಟ್ರಯಂಫ್ ಹೆರಾಲ್ಡ್ ಹಾಗಿನದು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ತಳದ ಪ್ಲಾಟ್‌ಫಾರ್ಮ್ ಬೇರೆ, ಅದಕ್ಕೆ ಬೋಲ್ಟಿನಲ್ಲಿ ಹಿಡಿಸಿದ ಬಾಡಿ ಬೇರೆ. ಆದರೆ ಮಾರಿಸ್ ಮೈನರ್, ಫಿಯೆಟ್ 1100, ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಅಂಬಾಸಿಡರ್ ಇಂಥವುಗಳಲ್ಲಿ ಬಾಡಿಯೇ ಚಾಸಿ. ತಗಡನ್ನು ಮಡಚಿ ಪೆಟ್ಟಿಗೆಯ ಹಾಗೆ ಮಾಡಿ ಬೆಸೆದು ಬಲ ಕೊಟ್ಟಿರುತ್ತಾರೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ನೋಡಲು ಬರೀ ಅಂಚುಪಟ್ಟಿಯ ಹಾಗೆ ಕಾಣುತ್ತದೆ. ನಿಜಕ್ಕೂ ಕಾರಿನ ಮುಂಭಾಗ ಹಿಂಭಾಗ ಎರಡನ್ನೂ ಹಿಡಿದಿಡುವುದೇ ಅದು. ಒಳಗೆ ಟೊಳ್ಳು. ನೀರು, ಮಣ್ಣು ಒಳಗೆ ಸೇರಿಕೊಂಡರೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ.

ನೋಡಬೇಕಾದ ಜಾಗಗಳು: ಸಿಲ್, ಜಾಕಿ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರ್ಯಾಕೆಟ್ಟು, ಬಾಗಿಲಿನ ಕಂಬದ ಬುಡ, ಕಾರ್ಪೆಟ್ ಎತ್ತಿದ ಮೇಲೆ ಕಾಣುವ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಕೆಳಗಿನ ಮೂಲೆಗಳು. ಬೀಟಲ್ ಆದರೆ ಬದಿಗಳಲ್ಲಿ ಬಿಸಿ ಗಾಳಿ ಸಾಗಿಸುವ ಹೀಟರ್ ಚಾನೆಲ್ ನೋಡಲೇಬೇಕು. ಬಾಡಿಗೆ ಬಲ ಕೊಡುವುದು ಅದೇ.

ಕೈಯಲ್ಲಿ ಒಂದು ಆಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಇರಲಿ. ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಸರಿಸಿ. ಅಂಟುತ್ತಾ ಬಂದದ್ದು ಒಂದು ಕಡೆ ಜಾರಿದರೆ ಅಲ್ಲಿ ತಗಡಿಲ್ಲ, ಪಟ್ಟಿ (ಗುಂಡಿ ತುಂಬುವ ಪೇಸ್ಟ್) ಮೆತ್ತಿದ್ದಾರೆ. ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಮಂದವಾಗಿ ಕೇಳಿಸುತ್ತದೆ, ಒಳಗಿನಿಂದ ತುಕ್ಕಿನ ಹುಡಿ ಉದುರುತ್ತದೆ. ಅಲ್ಲಿ ತುದಿಯಿಂದ ಒತ್ತಿ ನೋಡಿ. ಕಾರು ಬೇರೆಯವರದಾದರೆ ಕೇಳಿಯೇ ಒತ್ತಬೇಕು.

ಆಮೇಲೆ ಬಾಗಿಲು. ಡ್ರೈವರ್ ಕಡೆಯ ಬಾಗಿಲನ್ನು ಅರ್ಧ ತೆಗೆದು, ತುದಿ ಹಿಡಿದು ಮೇಲೆ ಎತ್ತಿ. ಅಲುಗಾಡುವುದು ಎಲ್ಲಿ ಅಂತ ಹಿಂಜಿನ ಹತ್ತಿರ ಕಣ್ಣಿಟ್ಟು ನೋಡಿ. ಹಿಂಜಿನ ಪಿನ್ನು ಮಾತ್ರ ಆಡಿದರೆ ಚಿಂತೆಯಿಲ್ಲ, ಪಿನ್ನು ಬದಲಿಸಿದರೆ ಆಯಿತು. ಹಿಂಜಿನ ಜೊತೆ ಕಂಬದ ತಗಡೇ ಉಸಿರಾಡಿದ ಹಾಗೆ ಆಡಿದರೆ ಕಂಬದೊಳಗೆ ತುಕ್ಕಿದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಒಳ್ಳೆಯದು. ಬಾಗಿಲನ್ನು ಹಾಕಿ ತೆಗೆದು ಹೇಗಿದೆ ನೋಡಿಕೊಳ್ಳಿ. ಜಾಕಿ ಕೊಟ್ಟು ಆ ಬದಿಯನ್ನು ಎತ್ತಿ, ಮತ್ತೆ ಹಾಕಿ ತೆಗೆಯಿರಿ. ಮೊದಲು ಸಲೀಸಾಗಿದ್ದ ಬಾಗಿಲು ಈಗ ಉಜ್ಜಿದರೆ ಬಾಡಿ ಬಾಗುತ್ತಿದೆ ಅಂತ ಅರ್ಥ. ಆ ಕಾರಿಗೆ ಎರಡನೇ ದಾರಿ ಮುಚ್ಚಿತು. ಅಂದ ಹಾಗೆ, ಜಾಕಿಯ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಸ್ಟ್ಯಾಂಡ್ ಇಟ್ಟ ಮೇಲೆಯೇ ಒಳಗೆ ಹೋಗಿ.

ಮೂರೂ ದಾರಿ, ಹತ್ತಿರದಿಂದ

ಇರುವ ಹಾಗೇ ಉಳಿಸುವ ದಾರಿಯನ್ನು ಜನ ಸೋಮಾರಿತನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 1966ರಲ್ಲಿ ಶುರುವಾಯಿತು. ಕನಿಷ್ಠ 30 ವರ್ಷ ಹಳೆಯದಾದ ವಾಹನವನ್ನು ಅದು ಚಾರಿತ್ರಿಕ ಅಂತ ಎಣಿಸುತ್ತದೆ. ಅದು ತಂದ ಟ್ಯೂರಿನ್ ಚಾರ್ಟರ್ ಅನ್ನುವ ಮಾರ್ಗಸೂಚಿ ಕೂಡ ಹೊಸದಾಗಿಸುವುದಕ್ಕಿಂತ ಇದ್ದದ್ದನ್ನು ಕಾಪಾಡುವುದಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಮೊದಲ ಸೀಟಿನ ಬಟ್ಟೆ, ಆ ಕಾಲದ ಹೊಲಿಗೆ ಒಮ್ಮೆ ಹೋದರೆ ದುಡ್ಡು ಕೊಟ್ಟರೂ ಬರುವುದಿಲ್ಲ. ಬಣ್ಣ ಮಂಕಾಗಿದ್ದರೂ ತಗಡು ಗಟ್ಟಿಯಿದ್ದರೆ, ಸೀಟು ಹಳೆಯದಾದರೂ ಹರಿದಿಲ್ಲದಿದ್ದರೆ, ಕೈ ಕಟ್ಟಿಕೊಂಡು ಕೂರುವುದೇ ದೊಡ್ಡ ಕೆಲಸ. ಬ್ರೇಕು, ಟೈರು, ಪೆಟ್ರೋಲ್ ಪೈಪು, ಸ್ಟೀರಿಂಗ್ ಸರಿಮಾಡಿ, ಬಣ್ಣವನ್ನು ತೊಳೆದು ಪಾಲಿಶ್ ಮಾಡಿ ಬಿಡಿ. ಒಂದೇ ಕೊರತೆ ಅಂದರೆ ಮಳೆ, ಬಿಸಿಲು ತಾಗದ ಜಾಗ ಬೇಕು.

ಎರಡನೇ ದಾರಿಯಲ್ಲಿ ಕಾರು ವರ್ಷದ ಬಹುಪಾಲು ಓಡುತ್ತಲೇ ಇರುತ್ತದೆ. ಒಂದು ಸಲ ಬ್ರೇಕು, ಇನ್ನೊಂದು ಸಲ ಮುಂದಿನ ಸಸ್ಪೆನ್ಷನ್, ಮತ್ತೊಮ್ಮೆ ಕಾರ್ಬುರೇಟರ್. ಶುರುಮಾಡಿದ ಕೆಲಸ ಮುಗಿಯುವ ತನಕ ಇನ್ನೊಂದನ್ನು ಬಿಚ್ಚಬಾರದು. ಇದರ ದೊಡ್ಡ ಲಾಭ ಏನು ಗೊತ್ತಾ? ತಪ್ಪು ಎಲ್ಲಿದೆ ಅಂತ ಕೂಡಲೇ ತಿಳಿಯುತ್ತದೆ. ನಿನ್ನೆ ಕಾರ್ಬುರೇಟರ್ ಮುಟ್ಟಿದಿರಿ, ಇವತ್ತು ಎಳೆಯುತ್ತಿಲ್ಲ ಅಂದರೆ ಹುಡುಕಬೇಕಾದ್ದು ಒಂದೇ ಕಡೆ. ಪೂರ್ತಿ ಬಿಚ್ಚಿ ಕಟ್ಟಿದ ಕಾರು ಸ್ಟಾರ್ಟ್ ಆಗದಿದ್ದರೆ ವೈರಿಂಗಾ, ಟೈಮಿಂಗಾ, ಪೆಟ್ರೋಲಾ, ಯಾವುದೂ ಗೊತ್ತಾಗುವುದಿಲ್ಲ. ಎಲ್ಲವೂ ಹೊಸದು, ಎಲ್ಲದರ ಮೇಲೂ ಅನುಮಾನ. ಖರ್ಚೂ ಹಂಚಿಹೋಗುತ್ತದೆ. ಕೊರತೆಯೂ ಇದೆ. ಹೊಸ ಬಣ್ಣ ಬಳಿದ ಮೇಲೆ ಎಂಜಿನ್ ಇಳಿಸಬೇಕಾಗಿ ಬಂದು ಫೆಂಡರ್ ಕೆರೆಸಿಕೊಳ್ಳುವುದು, ಒಂದೇ ಜಾಗವನ್ನು ಎರಡು ಸಲ ಬಿಚ್ಚುವುದು ಇದ್ದದ್ದೇ.

ಮೂರನೆಯದರಲ್ಲಿ ಸಿಗುವ ಮಟ್ಟ ಉಳಿದೆರಡರಲ್ಲಿ ಸಿಗುವುದಿಲ್ಲ, ಅದು ನಿಜ. ಒಳಮೂಲೆಯ ತನಕ ತುಕ್ಕು ತೆಗೆಯಬಹುದು, ಕಾರ್ಖಾನೆಯಿಂದ ಬಂದ ಹಾಗೆ ಕಾಣಿಸಬಹುದು. ಅದಕ್ಕೆ ಬೀಗ ಹಾಕಬಹುದಾದ ಒಣ ಜಾಗ ಬೇಕು, ವೆಲ್ಡಿಂಗ್ ಬರಬೇಕು ಅಥವಾ ಬರುವವರು ಜೊತೆಗಿರಬೇಕು, ಬರೆದಿಡುವ ಶಿಸ್ತು ಬೇಕು. ಪ್ರತಿ ಬೋಲ್ಟು ಒಂದೊಂದು ಚೀಲಕ್ಕೆ, ಚೀಲದ ಮೇಲೆ ಹೆಸರು, ಬಿಚ್ಚುವ ಮುಂಚೆ ಫೋಟೊ. ಬರೀ 'ಡೋರ್ ಬೋಲ್ಟ್' ಅಂತ ಬರೆದರೆ ಸಾಲದು. 'ಎಡಗಡೆ ಮುಂದಿನ ಬಾಗಿಲು, ಮೇಲಿನ ಹಿಂಜು, ಹಿಂದೆ ಎರಡು ಶಿಮ್' ಅಂತ ಬರೆಯಬೇಕು. ಸಂದು ಹೊಂದಿಸಲು ಇಡುವ ಆ ತೆಳು ತಗಡು, ಶಿಮ್, ಕಳೆದರೆ ಬಾಗಿಲು ಕೂರಿಸಲು ಒಂದು ದಿನ ಒದ್ದಾಡಬೇಕು.

ಮನೆಯ ಕಾರಾ, ಅದೇ ಮಾಡೆಲ್‌ನ ಬೇರೆ ಕಾರಾ

ಇದು ಲೆಕ್ಕದ ಪ್ರಶ್ನೆ ಅನ್ನುವವರಿದ್ದಾರೆ. ಲೆಕ್ಕವೇ ಆದರೆ ಉತ್ತರ ಸುಲಭ: ಸಾಮಾನ್ಯ ಫ್ಯಾಮಿಲಿ ಕಾರನ್ನು ಪೂರ್ತಿ ಸರಿಮಾಡಲು ಆಗುವ ಖರ್ಚು ಆ ಕಾರಿನ ಬೆಲೆಯನ್ನು ಮೀರುವುದೇ ಹೆಚ್ಚು. ಯಾರೋ ಆಗಲೇ ಸರಿಮಾಡಿದ ಕಾರನ್ನು ಕೊಳ್ಳುವುದು ಅಗ್ಗ. ಲಾಭ ಮಾಡುವ ಉದ್ದೇಶ ಇದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಆದರೆ ಅಪ್ಪ ಓಡಿಸಿದ, ನೀವು ಹಿಂದಿನ ಸೀಟಲ್ಲಿ ಕೂತು ಬೆಳೆದ ಕಾರು ಇನ್ನೊಂದು ಸಿಗುತ್ತದಾ? ಹಾಗಿದ್ದರೆ ಆ ಕಾರಿನಲ್ಲಿ ಉಳಿಸಬೇಕಾದ್ದು ಏನು ಅಂತ ಬಿಚ್ಚುವ ಮುಂಚೆಯೇ ಮನೆಯವರೆಲ್ಲ ಕೂತು ಮಾತಾಡಿ. ಕೈ ತಾಗಿ ತಾಗಿ ನುಣುಪಾದ ಸ್ಟೀರಿಂಗ್ ಚಕ್ರ, ಗಾಜಿನ ಮೂಲೆಯ ಹಳೆಯ ಸ್ಟಿಕ್ಕರ್, ಅಮ್ಮ ಹೊಲಿಸಿದ ಸೀಟ್ ಕವರ್. ಪೂರ್ತಿ ಬಿಚ್ಚಿ ಕಟ್ಟುವ ಕೆಲಸದಲ್ಲಿ ಮೊದಲು ಮಾಯವಾಗುವುದೇ ಇವು. ಹೊಳೆಯುವ ಕಾರು ಮನೆಗೆ ಬಂದಾಗ ಮನೆಯವರಿಗೇ ಅದರ ಗುರುತು ಸಿಗದೆ ಹೋಗಬಾರದು. ಮನೆಯ ಕಾರಿಗೆ ಎರಡನೇ ದಾರಿ ಹೇಳುವುದಕ್ಕೆ ನನಗಿರುವ ಇನ್ನೊಂದು ಕಾರಣ ಇದು.

ಕಾರು ಇನ್ನೂ ಕೊಳ್ಳಬೇಕಾಗಿದ್ದರೆ ಬಿಡಿಭಾಗ ಸಿಗುವ ಮಾಡೆಲ್ ಆರಿಸಿ. ಬೀಟಲ್ 2003ರ ತನಕ, 2 ಕೋಟಿ 10 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಂಬಾಸಿಡರ್ 2014ರ ತನಕ ಬಂತು. ಮಾರಿಸ್ ಮೈನರ್ 1948ರಿಂದ 1971ರ ತನಕ 16 ಲಕ್ಷದಷ್ಟು ಬಂತು, ಈಗಲೂ ಅದರ ತಗಡಿನ ಭಾಗಗಳು ಹೊಸದಾಗಿ ತಯಾರಾಗುತ್ತಿವೆ. ಮೈನರ್‌ನಲ್ಲೇ ಟ್ರಾವೆಲರ್ ಅನ್ನುವ ಎಸ್ಟೇಟ್ ಮಾದರಿ ಕಣ್ಣಿಗೆ ಚೆಂದ. ಆದರೆ ಹಿಂದಿನ ಮರದ ಚೌಕಟ್ಟು ಅಲಂಕಾರಕ್ಕಲ್ಲ, ಬಾಡಿಯ ಬಲವೇ ಅದು. ಮರ ಕೊಳೆತಿದ್ದರೆ ಬಡಗಿ ಕೆಲಸವೂ ಕಲಿಯಬೇಕಾಗುತ್ತದೆ. ಅಪರೂಪದ ಮಾಡೆಲ್ ಬಗ್ಗೆ ಆಸೆ ಪಡುವುದು ಸಹಜ. ಅದರ ಒಂದು ಹೆಡ್‌ಲೈಟ್ ರಿಂಗಿಗೆ ವರ್ಷಗಟ್ಟಲೆ ಕಾಯುವ ತಾಳ್ಮೆ ಇದೆಯಾ ಅಂತ ಕೇಳಿಕೊಳ್ಳಿ.

ಸ್ಪ್ಯಾನರ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್, ಇಟಾಲಿಯನ್ ಕಾರುಗಳಿಗೆ ಮಿಲಿಮೀಟರ್ ಅಳತೆ. ಹಳೆಯ ಬ್ರಿಟಿಷ್ ಕಾರುಗಳಿಗೆ ಇಂಚು, ಇನ್ನೂ ಹಳೆಯವಕ್ಕೆ ವಿಟ್ವರ್ತ್ ಅನ್ನುವ ಬೇರೆಯದೇ ಬ್ರಿಟಿಷ್ ಅಳತೆ. ಅರ್ಧ ಇಂಚಿನ ನಟ್ಟು 12.7 ಮಿಲಿಮೀಟರ್. 13ರ ಸ್ಪ್ಯಾನರ್ ಹೆಚ್ಚುಕಡಿಮೆ ಕೂರುತ್ತದೆ. ತುಕ್ಕು ಹಿಡಿದ ನಟ್ಟಿಗೆ ಅದನ್ನು ಹಾಕಿ ಬಲ ಕೊಟ್ಟರೆ ಮೂಲೆಗಳು ಸವೆದು ನಟ್ಟು ಉರುಟಾಗುತ್ತದೆ. ಸರಿಯಾದ ಸೆಟ್ ಕೊಳ್ಳಿ.

ಎಂಜಿನ್: ಬಿಡುವುದಾ, ಹೆಡ್ ಇಳಿಸುವುದಾ, ಪೂರ್ತಿ ಓವರ್‌ಹಾಲ್ ಮಾಡುವುದಾ

ವರ್ಷಗಳ ಕಾಲ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು, ಒಂದೆರಡು ದಿನ ಬಿಟ್ಟು ಕೈಯಿಂದ ತಿರುಗಿಸಿ. ತಿರುಗಿತು ಅಂದರೆ ಹೊಸ ಆಯಿಲ್, ಫಿಲ್ಟರ್ ಹಾಕಿ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬರುತ್ತದಾ ನೋಡಿ. ಹಳೆಯ ಪೆಟ್ರೋಲ್ ಪೂರ್ತಿ ಚೆಲ್ಲಿ. ಟ್ಯಾಂಕಿನಲ್ಲಿ ತುಕ್ಕಿದ್ದರೆ ಬೇರೆ ಡಬ್ಬಿಯಿಂದ ಪೆಟ್ರೋಲ್ ಕೊಟ್ಟು ಸ್ಟಾರ್ಟ್ ಮಾಡಿ.

ಓಡತೊಡಗಿದ ಮೇಲೆ ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಎಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಸಿಗುವ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ ಹತ್ತು ಹದಿನೈದು ಶೇಕಡಾ ಒಳಗೆ ಹೊಂದಿಕೊಂಡಿದ್ದರೆ ಎಂಜಿನ್ನನ್ನು ಸುಮ್ನೆ ಬಿಡಿ. ಒಂದು ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಸವೆದದ್ದು ಪಿಸ್ಟನ್ ರಿಂಗ್ ಅಥವಾ ಬೋರು (ಸಿಲಿಂಡರಿನ ಒಳಗೋಡೆ). ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಹೊಗೆಯೂ ಸುಳಿವು ಕೊಡುತ್ತದೆ. ಎಳೆಯುವಾಗ ನೀಲಿ ಹೊಗೆ ಬಂದರೆ ರಿಂಗ್. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು, ಮತ್ತೆ ಒತ್ತಿದಾಗ ಒಮ್ಮೆ ಭುಸ್ ಅಂತ ನೀಲಿ ಬಂದರೆ ವಾಲ್ವ್ ಗೈಡ್.

ವಾಲ್ವ್, ಗ್ಯಾಸ್ಕೆಟ್ ಕೆಲಸವಾದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮಾತ್ರ ಇಳಿಸಿದರೆ ಸಾಕು, ಹವ್ಯಾಸಿ ಧೈರ್ಯವಾಗಿ ಮಾಡಬಹುದು. ಆಗಲೇ ವಾಲ್ವ್ ಸೀಟಿನ (ವಾಲ್ವ್ ಮುಚ್ಚಿದಾಗ ಬಂದು ಕೂರುವ ಅಂಚು) ತೀರ್ಮಾನವೂ ಆಗಲಿ. ಹಳೆಯ ಬೀಡುಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಸೀಟನ್ನು ಕಾಪಾಡುತ್ತಿದ್ದದ್ದು ಪೆಟ್ರೋಲಿನೊಳಗಿನ ಸೀಸ. ಕಾರಿಗೆ ಹಾಕುವ ಸೀಸದ ಪೆಟ್ರೋಲ್ 2021ರಲ್ಲಿ ಜಗತ್ತಿನಲ್ಲೇ ನಿಂತಿತು. ನಿಧಾನ ಓಡಿಸುವವರಿಗೆ ಅಷ್ಟು ತೊಂದರೆಯಿಲ್ಲ. ದೂರ, ವೇಗವಾಗಿ ಹೋಗುವವರು ಹೆಡ್ ಇಳಿಸಿದಾಗಲೇ ಗಟ್ಟಿ ಸೀಟ್ ಕೂರಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಟ್ಯಾಪೆಟ್ ಗ್ಯಾಪ್ ಆಗಾಗ ನೋಡಿ. ಅದು ಕಡಿಮೆಯಾಗುತ್ತಾ ಹೋದರೆ ಸೀಟು ಸವೆಯುತ್ತಿದೆ.

ಪೂರ್ತಿ ಓವರ್‌ಹಾಲ್ ಆದರೆ ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನೀವು ಮಾಡಿ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಲೇತ್ ಅಂಗಡಿಯ ಕೆಲಸ. ಹೊಸ ಕಾಲದ ಬೇರೆ ಎಂಜಿನ್ ಹಾಕುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಬ್ರೇಕು, ಗೇರ್‌ಬಾಕ್ಸ್, ಆಕ್ಸಲ್ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸಬೇಕಾಗುತ್ತದೆ, ನೋಂದಣಿಯ ನಿಯಮಗಳೂ ಅಡ್ಡ ಬರಬಹುದು. ಕೊನೆಗೆ ಕಾರಿನ ದನಿಯೇ ಹೋಗಿರುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಬಿರಿಯುತ್ತದೆ. ಎಂಜಿನ್ ಮುಟ್ಟದಿದ್ದರೂ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಥನಾಲ್ ತಡೆಯುವಂಥದ್ದು ಹಾಕಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಇಡೀ ಕಾರು ಉರಿದುಹೋಗುತ್ತದೆ.

ಬ್ರೇಕು, ಟೈರು: ಇಲ್ಲಿ ಆಯ್ಕೆ ಕಡಿಮೆ

ಯಾವ ದಾರಿ ಹಿಡಿದರೂ ಇದು ಮೊದಲ ಕೆಲಸ. ಬಣ್ಣ ಕೊನೆಗೆ. ಹೊಸ ಬಣ್ಣದ, ಹಳೆಯ ಬ್ರೇಕಿನ ಕಾರುಗಳು ಬಹಳ ಇವೆ, ಅವನ್ನು ನೋಡಿದರೆ ನನಗೆ ಭಯವಾಗುತ್ತದೆ.

ಬ್ರೇಕಿನ ರಬ್ಬರ್ ಹೋಸ್ ಹೊರಗೆ ಚೆನ್ನಾಗಿಯೇ ಕಾಣಬಹುದು. ಒಳಗೆ ಉಬ್ಬಿ ಆಯಿಲ್ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡೇ ಇರುತ್ತದೆ, ಬಿಸಿಯಾಗುತ್ತದೆ, ಕಾರು ಒಂದು ಕಡೆಗೆ ಎಳೆಯುತ್ತದೆ. ಹಾಗಾಗಿ ಹೋಸ್‌ಗಳನ್ನು ನೋಡಿ ತೀರ್ಮಾನಿಸಬೇಡಿ, ಎಲ್ಲವನ್ನೂ ಬದಲಿಸಿ. ಉಕ್ಕಿನ ಪೈಪಿನ ಬದಲು ತಾಮ್ರ–ನಿಕ್ಕಲ್ ಮಿಶ್ರಣದ್ದು ಹಾಕಿದರೆ ತುಕ್ಕಿನ ಯೋಚನೆ ಇರುವುದಿಲ್ಲ, ಬಗ್ಗಿಸುವುದೂ ಸುಲಭ.

ಬ್ರೇಕ್ ಆಯಿಲ್ ಯಾವುದು? ಡಾಟ್ 4 ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಸಿಲಿಕೋನ್ ಆಧಾರದ ಡಾಟ್ 5 ತೇವ ಹೀರುವುದಿಲ್ಲ, ಬಣ್ಣ ಕೆಡಿಸುವುದಿಲ್ಲ, ಜಾಸ್ತಿ ನಿಂತೇ ಇರುವ ಕಾರಿಗೆ ಅನುಕೂಲ. ಪೆಡಲ್ ಮಾತ್ರ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ. ಎರಡನ್ನೂ ಬೆರೆಸಬಾರದು. ಡಾಟ್ 5.1 ಅನ್ನುವುದು ಹೆಸರಲ್ಲಿ ಹತ್ತಿರವಾದರೂ ಸಿಲಿಕೋನ್ ಅಲ್ಲ, ಡಾಟ್ 4ರ ಜಾತಿಯದ್ದೇ. ಓಡಿಸುತ್ತಲೇ ಇರುವ ಕಾರಿಗೆ ನಾನು ಹೇಳುವುದು ಡಾಟ್ 4.

ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪು ಒಡೆದರೆ ಎಲ್ಲ ಬ್ರೇಕೂ ಹೋಯಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸುವುದಾ, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸುವುದಾ ಅಂತ ಕೇಳಿದರೆ ನನ್ನ ಮತ ಎರಡನೆಯದಕ್ಕೆ. ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕು ಆ ಕಾರಿನ ವೇಗಕ್ಕೆ ಸಾಕು. ಡ್ರಮ್ ಬಿಚ್ಚುವಾಗ ಒಂದು ಎಚ್ಚರಿಕೆ: ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗಾಳಿ ಹೊಡೆದು ಧೂಳು ಹಾರಿಸಬೇಡಿ. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಕಟ್ಟಿ ಎಸೆಯಿರಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2318 ಅಂತ ಇದ್ದರೆ 2018ರ 23ನೇ ವಾರ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ ಟೈರಿನಲ್ಲಿ ಗುಂಡಿ ಎಷ್ಟೇ ಆಳ ಇದ್ದರೂ ಬೇಡ. ಮೊದಲಿದ್ದ ಹಳೆಯ ಕಾಲದ ಕ್ರಾಸ್‌ಪ್ಲೈ ಟೈರಿನ ಬದಲು ಈಗಿನ ರೇಡಿಯಲ್ ಹಾಕಿದರೆ ಹಿಡಿತ ಒಳ್ಳೆಯದು, ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಮಾತ್ರ ಭಾರ. ಹಾಕಿದರೆ ನಾಲ್ಕಕ್ಕೂ ಹಾಕಿ.

ವೈರಿಂಗ್

ಬಟ್ಟೆ ಸುತ್ತಿದ ಹಳೆಯ ವೈರನ್ನು ಬಗ್ಗಿಸಿ ನೋಡಿ. ಇನ್ಸುಲೇಷನ್ ಪುಡಿಯಾಗಿ ಉದುರಿದರೆ ತೇಪೆ ಹಾಕುವ ಮಾತೇ ಇಲ್ಲ, ಪೂರ್ತಿ ಹೊಸ ಹಾರ್ನೆಸ್ (ವೈರುಗಳ ಕಟ್ಟು). ಉದುರದಿದ್ದರೆ ಹಳೆಯದನ್ನೇ ಇಟ್ಟುಕೊಂಡು, ಅರ್ಥ್ ಜಾಗಗಳನ್ನು, ಅಂದರೆ ವೈರು ಬಾಡಿಗೆ ಸೇರುವ ಜಾಗಗಳನ್ನು, ಉಜ್ಜಿ ಬಿಗಿಮಾಡಿ. ಮಂಕು ಲೈಟು, ಸೋತ ಸೆಲ್ಫ್, ಕುಣಿಯುವ ಮೀಟರ್ ಮುಳ್ಳು, ಇವುಗಳಲ್ಲಿ ಹೆಚ್ಚಿನವು ಕೆಟ್ಟ ಅರ್ಥ್‌ನಿಂದಲೇ ಬರುತ್ತವೆ.

ಬ್ರಿಟಿಷ್ ಕಾರುಗಳ ಬಣ್ಣದ ಲೆಕ್ಕ ಕಲಿತರೆ ಕೆಲಸ ಹಗುರ: ಕಂದು ನೇರ ಬ್ಯಾಟರಿಯಿಂದ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ಆದ ಮೇಲೆ ಫ್ಯೂಸ್ ಮೂಲಕ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಸಣ್ಣ ಲೈಟು, ಕಪ್ಪು ಅರ್ಥ್. 50ರ ದಶಕದ ಎಷ್ಟೋ ಕಾರುಗಳಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸ್. ಹೆಡ್‌ಲೈಟಿಗೆ ಫ್ಯೂಸೇ ಇರುವುದಿಲ್ಲ. ಎರಡು ಮೂರು ಫ್ಯೂಸ್ ಹೆಚ್ಚಿಗೆ ಸೇರಿಸುವುದು ಹಳೆಯತನಕ್ಕೆ ಧಕ್ಕೆಯಲ್ಲ.

ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ಬದಲು ಆಲ್ಟರ್ನೇಟರ್ ಹಾಕಬೇಕಾ? ರಾತ್ರಿ ಓಡಿಸುವವರು, ಟ್ರಾಫಿಕ್ಕಿನಲ್ಲಿ ನಿಲ್ಲುವವರು ಹಾಕಿ. ನಿಧಾನ ತಿರುಗುವಾಗ ಡೈನಮೊ ಚಾರ್ಜ್ ಮಾಡುವುದಿಲ್ಲ. ಹಗಲಲ್ಲಿ ಮಾತ್ರ ತೆಗೆಯುವ ಕಾರಾದರೆ ಇದ್ದದ್ದೇ ಇರಲಿ. ಹಾಕುವ ಮುಂಚೆ ಪಾಸಿಟಿವ್ ಅರ್ಥ್ ಕಾರಾ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದೆಯಾ) ನೋಡಿಕೊಳ್ಳಿ, 60ರ ದಶಕದ ತನಕ ಬಹಳ ಬ್ರಿಟಿಷ್ ಕಾರುಗಳು ಹಾಗಿದ್ದವು. ಅದನ್ನು ನೆಗೆಟಿವ್ ಅರ್ಥ್‌ಗೆ ಬದಲಿಸದೆ ಜೋಡಿಸಿದರೆ ಆಲ್ಟರ್ನೇಟರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕಿಡಿಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಡಿಸ್ಟ್ರಿಬ್ಯೂಟರ್ ಒಳಗೇ ಕೂರುತ್ತದೆ, ಹೊರಗೆ ಕಾಣುವುದಿಲ್ಲ. ಹಾಕಿಕೊಂಡರೂ ಹಳೆಯ ಪಾಯಿಂಟ್, ಕಂಡೆನ್ಸರ್ ಡಿಕ್ಕಿಯಲ್ಲಿರಲಿ. ಎಲೆಕ್ಟ್ರಾನಿಕ್ ಇಗ್ನಿಷನ್ ದಾರಿಯಲ್ಲಿ ಕೆಟ್ಟರೆ ರಿಪೇರಿ ಮಾಡಲು ಬರುವುದಿಲ್ಲ.

ವೆಲ್ಡಿಂಗ್, ಬಣ್ಣ: ಯಾವುದನ್ನು ನಾವು ಮಾಡಬೇಕು, ಯಾವುದನ್ನು ಕೊಡಬೇಕು

ಮಿಗ್ ವೆಲ್ಡಿಂಗ್ (ತಂತಿ ತಾನಾಗಿ ಬರುತ್ತಾ ಬೆಸೆಯುವ ಬಗೆ) ಕಲಿಯಬಹುದು. 0.6 ಮಿಲಿಮೀಟರ್ ತಂತಿ ಹಾಕಿ, ಕಾರಿನ ತಗಡಿನಷ್ಟೇ ದಪ್ಪದ ತುಂಡುಗಳ ಮೇಲೆ ಕೈ ಕೂರುವ ತನಕ ಅಭ್ಯಾಸ ಮಾಡಿ. ಬೆಸೆದ ತುಂಡನ್ನು ವೈಸಿಗೆ ಹಾಕಿ ಸುತ್ತಿಗೆಯಿಂದ ಬಗ್ಗಿಸಿ. ಬೆಸುಗೆ ಬಿಡದೆ ತಗಡೇ ಹರಿದರೆ ನೀವು ಕಾರು ಮುಟ್ಟಬಹುದು. ಮೊದಲು ನೆಲದ ತೇಪೆ, ಬ್ಯಾಟರಿ ತಟ್ಟೆ. ಸಿಲ್ ಆಮೇಲೆ. ಸಿಲ್ ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡ ಕಬ್ಬಿಣ ಬೆಸೆದು ಬಾಡಿ ಕುಸಿಯದ ಹಾಗೆ ಮಾಡಿ, ಒಂದು ಸಲಕ್ಕೆ ಒಂದೇ ಬದಿ ಕತ್ತರಿಸಿ. ಪೂರ್ತಿ ಬೆಸೆಯುವ ಮುಂಚೆ ಬಾಗಿಲು ಕೂರಿಸಿ ಗ್ಯಾಪ್ ನೋಡಿ. ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಮುಚ್ಚಿ ಕೊಡುವವರಿದ್ದಾರೆ, ಅದನ್ನು ಒಪ್ಪಲೇಬೇಡಿ. ಪೆಟ್ರೋಲ್ ಟ್ಯಾಂಕ್ ಕಾರಿನಲ್ಲಿ ಇರುವಾಗ ವೆಲ್ಡಿಂಗ್ ಬೇಡ. ಖಾಲಿ ಟ್ಯಾಂಕಿಗೆ ವೆಲ್ಡ್ ಮಾಡಲು ಹೋಗುವುದಂತೂ ಬೇಡವೇ ಬೇಡ, ಒಳಗಿನ ಆವಿ ಸಿಡಿಯುತ್ತದೆ.

ಹಳೆಯ ಬಣ್ಣ ತೆಗೆಯಲು ಸ್ಯಾಂಡ್‌ಬ್ಲಾಸ್ಟಿಂಗ್ ಚಾಸಿಗೆ, ಆಕ್ಸಲ್ಲಿಗೆ ಸರಿ. ಬಾನೆಟ್, ಮೇಲ್ಛಾವಣಿ, ಬಾಗಿಲಿನ ಹಾಳೆಯಂಥ ಅಗಲ ತಗಡಿಗೆ ಹೊಡೆದರೆ ಹಿಗ್ಗಿ ಅಲೆಯಾಗುತ್ತದೆ. ಅಲ್ಲಿ ಪೇಂಟ್ ರಿಮೂವರ್, ಕೈ ಕೆಲಸ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜಬೇಡಿ.

ಬಣ್ಣ ಹೊಡೆಯುವುದನ್ನು ಕೊಟ್ಟುಬಿಡಿ ಅನ್ನುವುದೇ ನನ್ನ ಸಲಹೆ. ಈಗಿನ ಎರಡು ಭಾಗದ 2ಕೆ ಬಣ್ಣದಲ್ಲಿ ಉಸಿರಿಗೆ ಅಪಾಯವಾದ ಐಸೊಸೈನೇಟ್ ಇದೆ. ಅದಕ್ಕೆ ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಬೇಕು, ಸಾಮಾನ್ಯ ಮಾಸ್ಕ್ ಸಾಲದು. ಮನೆಯಲ್ಲೇ ಹೊಡೆಯಬೇಕು ಅನ್ನುವವರಿಗೆ ಹಳೆಯ ಬಗೆಯ ಸೆಲ್ಯುಲೋಸ್ ಬಣ್ಣ ಸಿಗುವ ಕಡೆ ಅದೇ ವಾಸಿ. ಅದಕ್ಕೂ ಮಾಸ್ಕ್, ಗಾಳಿ, ಬೆಂಕಿಯ ಎಚ್ಚರಿಕೆ ಬೇಕು, ಆದರೆ ತಪ್ಪಾದ ಜಾಗವನ್ನು ಉಜ್ಜಿ ಮತ್ತೆ ಹೊಡೆಯಬಹುದು. ಬಂಪರ್ ಬಿಚ್ಚುವುದು, ರಬ್ಬರ್ ತೆಗೆಯುವುದು, ಪಟ್ಟಿ ಉಜ್ಜಿ ಸಮ ಮಾಡುವುದು, ಇವನ್ನು ನೀವೇ ಮಾಡಿ ಕೊಟ್ಟರೆ ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ. ಕ್ರೋಮ್ ಲೇಪನವನ್ನು ಕೊಡಲೇಬೇಕು. ಸೀಟಿನ ಕೆಲಸ ಹೊಲಿಗೆ ಬರುವವರಿಗೆ ಸುಲಭ. ಹಳೆಯ ಬಟ್ಟೆಯನ್ನು ಎಸೆಯದೆ ಅಳತೆಗೆ ಇಟ್ಟುಕೊಳ್ಳಿ.

ಬಣ್ಣ ಒಣಗಿದ ಮೇಲೆ ಒಂದು ಕೆಲಸ ಬಾಕಿ ಇದೆ. ತಳಕ್ಕೆ ದಪ್ಪ ಟಾರಿನಂಥ ಅಂಡರ್‌ಕೋಟ್ ಬಳಿಸುವುದಾ, ಮೇಣ ಸಿಂಪಡಿಸುವುದಾ ಅಂತ ಎರಡು ಆಯ್ಕೆ. ಟಾರಿನದು ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ನೀರನ್ನು ಒಳಗೇ ಹಿಡಿದಿಟ್ಟು, ಕಣ್ಣಿಗೆ ಕಾಣದ ಹಾಗೆ ತಗಡು ತಿನ್ನಿಸುತ್ತದೆ. ಮೇಣವೇ ಮೇಲು. ಉದ್ದ ನಳಿಗೆಯಲ್ಲಿ ಸಿಲ್ ಒಳಗೆ, ಬಾಗಿಲ ಒಳಗೆ, ಕಂಬದ ಒಳಗೆ ಬಿಟ್ಟರೆ ಸಂದುಗಳಿಗೆಲ್ಲ ಹರಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಿಡಬೇಕು. ಬಿಟ್ಟ ಮೇಲೆ ಸಿಲ್ಲಿನ ತಳದ, ಬಾಗಿಲಿನ ತಳದ ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಮೇಣ ಅಲ್ಲೇ ಕಟ್ಟಿಕೊಳ್ಳುವುದು.